ಚಿಟಿಕೆ ಧೂಳು, ತೊಟ್ಟು ಎಣ್ಣೆ

ಮೋಟಾರ್ ಸೈಕಲ್ಲಿಗೆ ನಮ್ಮ ಮನೆಗಳಲ್ಲಿ ಸಲ್ಲುವ ಉಪಚಾರ ಸಾಮಾನ್ಯವಾದುದಲ್ಲ. ಆಯುಧಪೂಜೆಯ ದಿನ ಅರಿಸಿನ-ಕುಂಕುಮ, ಹೂವಿನ ಹಾರ, ಚಕ್ರದಡಿಯಲ್ಲಿ ನಿಂಬೆಹಣ್ಣು. ಉಳಿದ ದಿನಗಳಲ್ಲಿ ಮುಖ ಕಾಣುವಂತೆ ಟ್ಯಾಂಕನ್ನು ಉಜ್ಜುವ ಸಂಭ್ರಮ. ಆದರೆ ಮುಂದಿನ ಚಕ್ರದ ಎರಡು ಪಕ್ಕಗಳಲ್ಲಿ ನಿಂತಿರುವ ಜೋಡಿ ಕೊಳವೆಗಳತ್ತ ಯಜಮಾನರ ದೃಷ್ಟಿ ಹರಿಯುವುದು ಅಪರೂಪ. ಗಾಡಿ ಹಳ್ಳಕ್ಕಿಳಿದಾಗ ಸವಾರನ ಬೆನ್ನುಮೂಳೆಯನ್ನು ಕಾಪಾಡುವವು ಅವೇ. ಬ್ರೇಕು ಹಿಡಿದೊಡನೆ ಮುಂದಕ್ಕೆ ಎರಗುವ ಭಾರವನ್ನು ತಾಳಿಕೊಳ್ಳುವವೂ ಅವೇ. ಇವುಗಳಿಗೆ ಫೋರ್ಕ್ ಎಂದು ಹೆಸರು.

ಕೊಳವೆಯೊಳಗಿನ ಕೆಲಸ

ಸಾಮಾನ್ಯ ಬಗೆಯ ಫೋರ್ಕಿನಲ್ಲಿ, ಹ್ಯಾಂಡಲ್ಲಿನ ಕೆಳಗೆ ಭದ್ರವಾಗಿ ಬಿಗಿದ ಉಕ್ಕಿನ ನುಣುಪಾದ ಕೊಳವೆಯೊಂದು ಚಕ್ರಕ್ಕೆ ಜೋಡಿಸಿದ ದಪ್ಪ ಕೊಳವೆಯೊಳಕ್ಕೆ ಇಳಿದಿರುತ್ತದೆ. ಒಳಗೆ ಸ್ಪ್ರಿಂಗು ಹಾಗೂ ಎಣ್ಣೆ. ಹಳ್ಳದ ಪೆಟ್ಟನ್ನು ಸ್ಪ್ರಿಂಗು ನುಂಗಿಕೊಳ್ಳುತ್ತದೆ. ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಸುಳುತ್ತ ಆ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ೧೯೩೫ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ಎಣ್ಣೆಯಿಂದ ಹದಗೊಂಡ ಇಂತಹ ಫೋರ್ಕನ್ನು ತನ್ನ ಆರ್-೧೨ ಗಾಡಿಗೆ ಅಳವಡಿಸಿ ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಮ್ಯಾಚ್‌ಲೆಸ್ ಗಾಡಿಗಳಿಗೂ ಈ ಬಗೆಯ ಫೋರ್ಕು ಬಂದಿತು. ಅನಂತರ ಇದೇ ಲೋಕರೂಢಿಯಾಯಿತು.

ಒಳಗಿನ ಎಣ್ಣೆ ಹೊರಬಾರದಂತೆ ಕಾಯುವುದು ಆಯಿಲ್ ಸೀಲ್ ಎಂಬ ರಬ್ಬರಿನ ಉಂಗುರ. ಅದರ ತೆಳುವಾದ ಅಂಚನ್ನು ಕೊಳವೆಗೆ ಅಪ್ಪಿಸಿ ಹಿಡಿಯಲು ಸುತ್ತ ಒಂದು ಸಣ್ಣ ಸ್ಪ್ರಿಂಗೂ ಉಂಟು. ಇದರ ಮೇಲೆ ಧೂಳನ್ನು ತಡೆಯಲು ಡಸ್ಟ್ ಸೀಲ್ ಎಂಬ ಮತ್ತೊಂದು ಉಂಗುರ. ರಸ್ತೆಯ ಏರುತಗ್ಗುಗಳಿಗೆ ತಕ್ಕಂತೆ ಕೊಳವೆಯು ಈ ಎರಡು ಉಂಗುರಗಳ ನಡುವೆ ದಿನವೊಂದರಲ್ಲಿ ಸಾವಿರಾರು ಸಲ ಹಾಯ್ದು ಹೋಗುತ್ತದೆ.

ಮುಚ್ಚಿದ್ದುದು ಬಯಲಾಯಿತು

ಹಿಂದಿನವರು ಈ ಭಾಗವನ್ನು ಬಯಲಿಗೆ ಬಿಟ್ಟಿರಲಿಲ್ಲ. ೧೯೬೦ರ ದಶಕದಲ್ಲಿ ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಯನ್ನು ಕಂಡವರಿಗೆ ನೆನಪಿರಬಹುದು: ಅದರ ಫೋರ್ಕಿಗೆ ತಗಡಿನ ನೀಳವಾದ ಹೊದಿಕೆಯಿದ್ದು, ಒಳಗಿನ ಹೊಳಪಿನ ಕೊಳವೆ ಕಣ್ಣಿಗೇ ಬೀಳುತ್ತಿರಲಿಲ್ಲ. ಮದರಾಸಿನಲ್ಲಿ ತಯಾರಾದ ಹಳೆಯ ಬುಲೆಟ್ಟಿನಲ್ಲಿಯೂ ಅಂತಹುದೇ ಏರ್ಪಾಡು. ಮತ್ತೆ ಕೆಲವು ಗಾಡಿಗಳಿಗೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಅಂಗಿ ತೊಡಿಸುತ್ತಿದ್ದರು. ಕಾಲಕ್ರಮೇಣ ಹೊಳೆಯುವ ಕೊಳವೆಯೇ ಸೊಗಸೆನಿಸಿ, ಹೊದಿಕೆಗಳು ಬಹುಪಾಲು ಗಾಡಿಗಳಿಂದ ಮರೆಯಾದವು. ತಗಡು ಮಾಡುತ್ತಿದ್ದ ಕಾವಲಿನ ಕೆಲಸ ಹೀಗಾಗಿ ಸವಾರನ ಪಾಲಿಗೆ ಬಂದಿದೆ. ಇದನ್ನು ಬಹುಮಂದಿ ಅರಿತಿಲ್ಲ.

ನಮ್ಮ ರಸ್ತೆಗಳಾದರೋ ಬಗೆಬಗೆಯ ಶತ್ರುಗಳನ್ನು ಒಡ್ಡುತ್ತವೆ. ಸಂಡೂರಿನ ಸೀಮೆಯಲ್ಲಿ ಅದಿರಿನ ಕೆಂಪು ಧೂಳು, ಮಲೆನಾಡಿನಲ್ಲಿ ಮಳೆಗಾಲದ ಕೆಸರು, ಕರಾವಳಿಯಲ್ಲಿ ಲೋಹವನ್ನು ತಿನ್ನುವ ಉಪ್ಪುಗಾಳಿ. ಕೊಳವೆಗೆ ಅಂಟಿ ಒಣಗಿದ ಕೆಸರು ಮರುದಿನದ ಸವಾರಿಯಲ್ಲಿ ಸೀಲಿನ ಅಂಚಿನೊಳಕ್ಕೆ ತೂರಿಕೊಳ್ಳುತ್ತದೆ. ಒಳಸೇರಿದ ಮರಳಿನ ಕಣ ಪ್ರತಿಯೊಂದು ಕುಲುಕಿನಲ್ಲಿಯೂ ರಬ್ಬರನ್ನು ಕೊರೆಯುತ್ತದೆ. ಸಿಡಿದ ಕಲ್ಲಿನ ಪೆಟ್ಟಿಗೆ ಕೊಳವೆಯ ಕ್ರೋಮ್ ಲೇಪ ಒಡೆದರೆ ಅಲ್ಲಿ ತುಕ್ಕು ಹುಟ್ಟುತ್ತದೆ. ಆ ತುಕ್ಕಿನ ಗುಳಿಯ ಅಂಚು ಸೀಲಿಗೆ ಅರವಾಗಿ ಪರಿಣಮಿಸುತ್ತದೆ.

ಎಣ್ಣೆ ಸೋರಿದರೇನು?

‘ನಾಲ್ಕು ತೊಟ್ಟು ಎಣ್ಣೆ ಸೋರಿದರೇನು ಮಹಾ?’ ಎನ್ನುವವರುಂಟು. ಎಣ್ಣೆ ತಗ್ಗಿದ ಫೋರ್ಕು ಹಳ್ಳಕ್ಕಿಳಿದಾಗ ತಳ ಮುಟ್ಟಿ ಬಡಿಯುತ್ತದೆ. ಚಕ್ರವು ನೆಲವನ್ನು ಬಿಟ್ಟು ಕುಣಿಯುತ್ತದೆ. ಇದಕ್ಕಿಂತಲೂ ಘೋರವಾದುದು ಮತ್ತೊಂದಿದೆ. ಸೋರಿದ ಎಣ್ಣೆ ಕೊಳವೆಯ ಗುಂಟ ಕೆಳಗಿಳಿಯುತ್ತದೆ. ಅಲ್ಲಿರುವುದು ಡಿಸ್ಕ್ ಬ್ರೇಕು. ಅದರ ಪ್ಯಾಡುಗಳು ಎಣ್ಣೆ ಕುಡಿದವೆಂದರೆ, ಅಡ್ಡ ಬಂದ ದನವನ್ನು ಕಂಡು ಬ್ರೇಕು ಹಿಡಿದ ಕ್ಷಣದಲ್ಲಿ ಹಿಡಿತವೇ ಸಿಕ್ಕದೆ ಹೋಗಬಹುದು. ಕೆಲವು ಗಾಡಿಗಳಲ್ಲಿ ಫೋರ್ಕನ್ನು ತಲೆಕೆಳಗಾಗಿಸಿ ಜೋಡಿಸಿರುತ್ತಾರೆ. ಅವುಗಳ ಸೀಲು ಕೆಳಭಾಗದಲ್ಲಿ, ಕೆಸರಿಗೂ ಬ್ರೇಕಿಗೂ ಮತ್ತಷ್ಟು ಸಮೀಪದಲ್ಲಿರುವುದರಿಂದ, ಅಲ್ಲಿ ಇಮ್ಮಡಿ ಎಚ್ಚರ ಅಗತ್ಯ. ಎಣ್ಣೆ ತಗುಲಿದ ಪ್ಯಾಡುಗಳನ್ನು ಒರೆಸಿ ಬಳಸುವ ಉಳಿತಾಯ ಸಲ್ಲದು, ಹೊಸದನ್ನೇ ಹಾಕಿಸಬೇಕು.

ಮಾಡಬೇಕಾದುದೇನು?

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತುವ ಕಾಲ ಬಾರದಂತೆ ನೋಡಿಕೊಳ್ಳಲು ದೊಡ್ಡ ವಿದ್ಯೆಯೇನೂ ಬೇಡ. ಕೆಸರಿನಲ್ಲಿ ಓಡಿ ಬಂದ ಸಂಜೆ, ಕೆಸರು ಒಣಗುವ ಮೊದಲೇ ಒದ್ದೆಬಟ್ಟೆಯಿಂದ ಕೊಳವೆಗಳನ್ನು ಒರೆಸಿ, ಒಣಬಟ್ಟೆಯಿಂದ ತೇವವನ್ನು ಹೀರಬೇಕು. ಒಣಗಿ ಗಟ್ಟಿಯಾಗಿದ್ದರೆ ಮೊದಲು ನೀರಿನಿಂದ ನೆನೆಸಬೇಕು. ಒಣಗಿದ್ದನ್ನು ಹಾಗೆಯೇ ಉಜ್ಜಬಾರದು. ವಾಹನ ತೊಳೆಯುವ ಅಂಗಡಿಯ ರಭಸದ ನೀರನ್ನು ಸೀಲಿನ ಮೇಲೆ ನೇರವಾಗಿ ಹಾಯಿಸಗೊಡಬೇಡಿ. ಅದು ಧೂಳನ್ನು ಒಳಕ್ಕೇ ನೂಕುತ್ತದೆ. ಹೊಳಪಿಗಾಗಿ ಡೀಸೆಲ್ ಬಳಿಯುವ ಪದ್ಧತಿಯೂ ಒಳ್ಳೆಯದಲ್ಲ. ಆ ಜಿಡ್ಡಿಗೆ ಧೂಳು ಮತ್ತಷ್ಟು ಅಂಟಿಕೊಳ್ಳುತ್ತದೆ.

ರಬ್ಬರಿನ ಅಂಗಿಯನ್ನು ಕೊಂಡು ತೊಡಿಸುವುದು ಉತ್ತಮ ಉಪಾಯವೇ ಸರಿ. ಆದರೆ ಅದು ಹರಿದಿದ್ದರೆ ನೀರೂ ಕೆಸರೂ ಒಳಸೇರಿ, ಕಣ್ಣಿಗೆ ಕಾಣದಂತೆ ತುಕ್ಕು ಬೆಳೆಯುತ್ತದೆ. ಆದುದರಿಂದ ಆಗಾಗ ಅದನ್ನು ಮೇಲಕ್ಕೆತ್ತಿ ಒಳಗೆ ನೋಡಬೇಕು.

ತಿಂಗಳಿಗೊಮ್ಮೆ ಒಂದು ಚಿಕ್ಕ ಪರೀಕ್ಷೆ ನಡೆಸಿ. ಕೊಳವೆಗಳನ್ನು ಚೆನ್ನಾಗಿ ಒರೆಸಿ, ಗಾಡಿಯ ಮೇಲೆ ಕುಳಿತು, ಮುಂದಿನ ಬ್ರೇಕನ್ನು ಹಿಡಿದು ಹ್ಯಾಂಡಲ್ಲನ್ನು ಹತ್ತು ಸಲ ಕೆಳಕ್ಕೆ ಒತ್ತಿ. ತೆಳುವಾದ ಮಿನುಗು ಕಂಡರೆ ಚಿಂತೆಯಿಲ್ಲ. ಎಣ್ಣೆಯ ದಪ್ಪ ಬಳೆಯೊಂದು ಮೂಡಿದರೆ ಸೋರಿಕೆ ಮೊದಲಾಗಿದೆಯೆಂದು ತಿಳಿಯಿರಿ. ಕೆಲವೊಮ್ಮೆ ಇದಕ್ಕೆ ಕಾರಣ ಸೀಲಿನಡಿ ಸಿಕ್ಕಿದ ಕಸ ಮಾತ್ರವಾಗಿರುತ್ತದೆ. ನುರಿತ ಮೆಕ್ಯಾನಿಕ್ಕು ಡಸ್ಟ್ ಸೀಲನ್ನು ಮೇಲೆತ್ತಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಕೊಳವೆಗೂ ಸೀಲಿಗೂ ನಡುವೆ ತೂರಿಸಿ ಸುತ್ತಲೂ ಎಳೆದು ಕಸವನ್ನು ಹೊರತೆಗೆಯಬಲ್ಲ. ಹಿಂದೆ ಇದಕ್ಕೆ ಫೋಟೋ ಫಿಲ್ಮಿನ ತುಂಡನ್ನು ಬಳಸುತ್ತಿದ್ದರು.

ಅಷ್ಟಕ್ಕೂ ಸೋರಿಕೆ ನಿಲ್ಲದಿದ್ದರೆ ಸೀಲುಗಳನ್ನು ಬದಲಿಸುವುದೇ ದಾರಿ. ಎರಡು ಕಡೆಯವನ್ನೂ ಒಟ್ಟಿಗೇ ಹಾಕಿಸಿ. ಕೊಳವೆಯ ಮೇಲೆ ಬೆರಳಾಡಿಸಿ ಗುಳಿ, ಗೀರುಗಳಿವೆಯೇ ಎಂದು ನೋಡಿಸಿ. ಒರಟು ಕೊಳವೆಗೆ ಹೊಸ ಸೀಲು ತೊಡಿಸಿದರೆ ಅದೂ ಬಹುಕಾಲ ಬಾಳದು. ಎಣ್ಣೆಯನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದ ಅಳತೆಗೇ ತುಂಬಿಸಬೇಕು. ಹೆಚ್ಚು ಸುರಿದರೆ ಒಳಗಿನ ಗಾಳಿಗೆ ಎಡೆಯಿಲ್ಲದೆ ಒತ್ತಡವೇರಿ, ಹೊಸ ಸೀಲೂ ಕೆಡಬಹುದು.

ಒಂದು ಸೀಲಿನ ಬೆಲೆ ಹೆಚ್ಚಿನದಲ್ಲ. ಕೊಳವೆಯ ಬೆಲೆ ಅದರ ಎಷ್ಟೋ ಪಾಲು. ಹಿಂದಿನ ಸೀಟಿನಲ್ಲಿ ಕುಳಿತು ಶಾಲೆಗೆ ಹೊರಟ ಮಗಳ ಕ್ಷೇಮಕ್ಕಂತೂ ಬೆಲೆ ಕಟ್ಟುವಂತಿಲ್ಲ. ಬೀಗದ ಕೈ ತೂಗಹಾಕುವ ಮೊಳೆಯ ಪಕ್ಕದಲ್ಲಿಯೇ ಒಂದು ಹಳೆಯ ಹತ್ತಿಬಟ್ಟೆಯನ್ನೂ ತೂಗಹಾಕಿಟ್ಟರೆ, ಸಂಜೆ ಗಾಡಿ ನಿಲ್ಲಿಸಿದೊಡನೆ ಈ ಕೆಲಸ ಎರಡು ನಿಮಿಷಗಳಲ್ಲಿ ಮುಗಿದೀತು.