ಇನ್ಸುಲಿನ್ ಸೂಜಿ ಮತ್ತು ಕ್ಯಾಲಿಫೋರ್ನಿಯಾದ ಸಾಲ



ನಮ್ಮ ಕನ್ನಡ ಅರ್ಧ ಗಂಟೆಯ ಆರೋಗ್ಯ ಮಾತುಕತೆ ಮುಗಿಯುತ್ತಿದ್ದಂತೆ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಡಯಾಬಿಟಿಸ್, ದಿನಕ್ಕೆ ನಾಲ್ಕು ಇಂಜೆಕ್ಷನ್. "ಸ್ಟೆಮ್ ಸೆಲ್ ಹಾಕಿಸಿದ್ರೆ ಪೂರ್ತಿ ವಾಸಿಯಾಗುತ್ತೆ ಅಂತ ಒಂದು ಕಡೆ ಜಾಹೀರಾತು ಬಂದಿದೆ, ಲಕ್ಷಗಟ್ಟಲೆ ಕೇಳ್ತಾರೆ, ಊರಿನ ಸೈಟು ಮಾರೋಣ ಅಂತಿದ್ದಾರೆ ಮನೆಯವರು. ಮಾಡಿಸಬಹುದಾ?" ಎಂದು ಕೇಳಿದರು. ಫೋನಿನಲ್ಲಿ ಎರಡೇ ಮಾತಿನಲ್ಲಿ ಬೇಡ ಎಂದೆವು. ಯಾಕೆ ಬೇಡ ಎಂದು ಹೇಳಲು ಸಮಯವಿರಲಿಲ್ಲ. ಆ ಉತ್ತರ ಸರಿಯಾಗಿ ಸಿಗಬೇಕಾದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದವರೆಗೆ ಹೋಗಿಬರಬೇಕು. ಏಕೆಂದರೆ ಇದೇ ಆಸೆಗಾಗಿ ಅಲ್ಲಿನ ಸರ್ಕಾರ ಸಾಲ ಮಾಡಿ ಹಣ ಹಾಕಿದೆ, ಇಪ್ಪತ್ತು ವರ್ಷ ಕಾದಿದೆ.

ಮೊದಲು ಕಾಯಿಲೆಯ ವಿಷಯ. ನಮ್ಮ ಮನೆಗಳಲ್ಲಿ ಅಜ್ಜ, ಅಪ್ಪ, ಸೋದರಮಾವನಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ. ಮಗು ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿ ಮುದ್ದು ಮಾಡಿದ್ದರಿಂದಲೂ ಅಲ್ಲ. ನಮ್ಮ ಮೇದೋಜ್ಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳೆಂಬ ಸಣ್ಣ ಕೋಶಗಳಿವೆ. ಇನ್ಸುಲಿನ್ ತಯಾರಿಸುವುದು ಅವೇ. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಯಾವುದೋ ಕಾರಣಕ್ಕೆ ಈ ಕೋಶಗಳನ್ನೇ ಶತ್ರುವೆಂದು ತಿಳಿದು ಕೊಲ್ಲತೊಡಗುತ್ತದೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. 1922ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕರ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ಬಂದ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಅಂದಿನಿಂದ ಬದುಕುತ್ತಿದ್ದಾರೆ, ಆದರೆ ಸೂಜಿ ಬಿಟ್ಟಿಲ್ಲ.

ಸತ್ತ ಬೀಟಾ ಕೋಶಗಳ ಜಾಗಕ್ಕೆ ಹೊಸವನ್ನು ತಂದು ಹಾಕಿದರೆ? ಅಲ್ಲಿಗೇ ಸ್ಟೆಮ್ ಸೆಲ್, ಅಂದರೆ ಆಕರಕೋಶ ಬರುವುದು. ಯಾವ ಅಂಗದ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಎಳೆಯ ಕೋಶ ಅದು. ಆದರೆ ಇಂಥ ಕೋಶಗಳನ್ನು ಆಗ ಮಾನವ ಭ್ರೂಣದಿಂದ ಪಡೆಯಬೇಕಾಗಿತ್ತು. ಅಮೆರಿಕದಲ್ಲಿ ಅದು ಧರ್ಮದ, ರಾಜಕೀಯದ ಪ್ರಶ್ನೆ. 2001ರ ಆಗಸ್ಟಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ಅದುವರೆಗೆ ತಯಾರಾಗಿದ್ದ ಕೋಶಗಳನ್ನು ಬಿಟ್ಟು ಹೊಸ ಭ್ರೂಣಕೋಶಗಳ ಸಂಶೋಧನೆಗೆ ಕೇಂದ್ರದ ಹಣ ಇಲ್ಲ ಎಂದು ಸಾರಿದರು.

ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಕ್ಲೈನ್ ಎಂಬ ಮನೆ ನಿರ್ಮಾಣದ ಉದ್ಯಮಿ. ಅವರ ಮಗನಿಗೂ ಟೈಪ್ 1. ದಿಲ್ಲಿ ಕೊಡದಿದ್ದರೆ ಬೆಂಗಳೂರು ಕೊಡಲಿ ಎಂದು ನಾವು ಹೇಳುವುದಿಲ್ಲವೇ, ಹಾಗೆ ವಾಷಿಂಗ್ಟನ್ ಕೊಡದ ಹಣವನ್ನು ರಾಜ್ಯವೇ ಕೊಡಲಿ ಎಂದು ಅವರು ಹೊರಟರು. ಅಲ್ಲಿ ಚುನಾವಣೆಯ ದಿನ ಅಭ್ಯರ್ಥಿಗಳ ಜೊತೆಗೆ ಪ್ರಸ್ತಾವಗಳಿಗೂ ಜನ ನೇರವಾಗಿ ಓಟು ಹಾಕುತ್ತಾರೆ. (ನಮ್ಮಲ್ಲಿ ಹಾಗಿದ್ದರೆ ಮತಯಂತ್ರದ ಮುಂದೆ ಒಬ್ಬೊಬ್ಬರೂ ಅರ್ಧ ದಿನ ನಿಲ್ಲಬೇಕಾಗುತ್ತಿತ್ತೇನೋ!) 2004ರ ನವೆಂಬರ್ 2ರಂದು 71ನೇ ಪ್ರಸ್ತಾವಕ್ಕೆ ನೂರಕ್ಕೆ 59 ಮಂದಿ ಹೌದು ಎಂದರು. ರಾಜ್ಯ ಬಾಂಡ್ ಮಾರಿ 300 ಕೋಟಿ ಡಾಲರ್ ಸಾಲ ಎತ್ತಬೇಕು, ಬಡ್ಡಿ ಸೇರಿ ಮೂವತ್ತು ವರ್ಷಗಳಲ್ಲಿ ತೀರಿಸುವುದು ಸುಮಾರು 600 ಕೋಟಿ ಎಂದು ಮತದಾರರಿಗೆ ಮೊದಲೇ ತಿಳಿಸಲಾಗಿತ್ತು. ತಿಳಿದೇ ಒಪ್ಪಿದರು. ಡಯಾಬಿಟಿಸ್ ಒಂದಕ್ಕೇ ಅಲ್ಲ, ಹತ್ತಾರು ಕಾಯಿಲೆಗಳ ಸಂಶೋಧನೆಗೆ. ಹಣ ಹಂಚಲು ರಾಜ್ಯದ್ದೇ ಒಂದು ಸಂಸ್ಥೆ ಹುಟ್ಟಿತು, ಕ್ಲೈನ್ ಅದರ ಮೊದಲ ಅಧ್ಯಕ್ಷರಾದರು.

ಹಣ ಕೂಡಲೇ ಹರಿಯಲಿಲ್ಲ. ವಿರೋಧಿಗಳು ಕೋರ್ಟಿಗೆ ಹೋದರು, 2007ರ ಮೇವರೆಗೆ ಬಾಂಡ್ ಮಾರಲು ಆಗಲಿಲ್ಲ. ನಡುವೆ 2006ರ ಜುಲೈನಲ್ಲಿ ಬುಷ್ ಅವರು ಸಂಶೋಧನೆಗೆ ಅನುಕೂಲವಾಗಿದ್ದ ಮಸೂದೆಯನ್ನು ತಿರಸ್ಕರಿಸಿದ ಮರುದಿನವೇ, ಅದೇ ಪಕ್ಷದ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ (ಹೌದು, ಟರ್ಮಿನೇಟರ್ ಸಿನಿಮಾದವರೇ) ರಾಜ್ಯದ ಖಜಾನೆಯಿಂದ 15 ಕೋಟಿ ಡಾಲರ್ ಕೈಸಾಲ ಕೊಡಿಸಿದರು.

ಆ ಸಂಸ್ಥೆಯ ಹಣ ಪಡೆದವರಲ್ಲಿ ಸ್ಯಾನ್ ಡಿಯಾಗೋದ ಒಂದು ಸಣ್ಣ ಕಂಪನಿಯೂ ಇತ್ತು. ಹೆಸರು ವಯಾಸೈಟ್. ವರ್ಷವರ್ಷವೂ ಬಂದ ನೆರವು ಒಟ್ಟು 7 ಕೋಟಿ ಡಾಲರ್ ದಾಟಿತು. ಅವರ ಉಪಾಯ ಚೆನ್ನಾಗಿತ್ತು: ಆಕರಕೋಶದಿಂದ ಬೆಳೆಸಿದ ಎಳೆಯ ಕೋಶಗಳನ್ನು ಪುಟ್ಟ ಚೀಲದಲ್ಲಿಟ್ಟು ಚರ್ಮದ ಕೆಳಗೆ ಹುದುಗಿಸುವುದು. ಚೀಲದ ಗೋಡೆ ಸೊಳ್ಳೆಪರದೆಯಂತೆ. ಸಕ್ಕರೆ, ಆಮ್ಲಜನಕ, ಇನ್ಸುಲಿನ್ ಹಾಯುತ್ತವೆ, ಕೊಲ್ಲಲು ಬರುವ ರೋಗನಿರೋಧಕ ಕೋಶಗಳು ಹಾಯುವುದಿಲ್ಲ. 2014ರಲ್ಲಿ ಮೊದಲ ರೋಗಿಗೆ ಹಾಕಿದರು. ಆದರೆ ಶರೀರ ಚೀಲವನ್ನೇ ಹೊರಗಿನ ವಸ್ತುವೆಂದು ತಿಳಿದು ಸುತ್ತಲೂ ಗಾಯದ ಗಂಟು ಕಟ್ಟಿತು. ಒಳಗಿನ ಕೋಶಗಳಿಗೆ ಉಸಿರು ಸಿಗದೆ ಸತ್ತವು. ಮುಂದೆ ರಕ್ತನಾಳಗಳು ಒಳಬರುವಂತೆ ಚೀಲಕ್ಕೆ ತೂತು ಬಿಟ್ಟು ನೋಡಿದರು. ಆಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಬೇಕಾಯಿತು. 2021ರ ಕೊನೆಯಲ್ಲಿ ಪ್ರಕಟವಾದ ವರದಿಗಳ ಪ್ರಕಾರ ಊಟವಾದ ಮೇಲೆ ಕೋಶಗಳು ಇನ್ಸುಲಿನ್ ಸುರಿಸಿದ್ದವು. ನಿಜವಾದ ಮನುಷ್ಯರಲ್ಲಿ! ಆದರೆ ಸೂಜಿ ಬಿಡುವಷ್ಟಲ್ಲ.

2022ರಲ್ಲಿ ಬಾಸ್ಟನ್ನಿನ ವರ್ಟೆಕ್ಸ್ ಎಂಬ ದೊಡ್ಡ ಔಷಧ ಕಂಪನಿ ವಯಾಸೈಟನ್ನು 32 ಕೋಟಿ ಡಾಲರಿಗೆ ಕೊಂಡಿತು. ಅದರ ಕೈಯಲ್ಲಿ ಆಗಲೇ ಇನ್ನೊಂದು ಕೋಶಚಿಕಿತ್ಸೆಯಿತ್ತು. ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಬೆಳೆಸಿದ ವಿಧಾನ ಅದು. ಅವರ ಇಬ್ಬರು ಮಕ್ಕಳಿಗೂ ಟೈಪ್ 1. 2025ರ ಜೂನ್‌ನಲ್ಲಿ ಬಂದ ಫಲಿತಾಂಶದಲ್ಲಿ, ಪೂರ್ತಿ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು. ಸಂತೋಷದ ಸುದ್ದಿಯೇ. ಆದರೆ ಅವರೆಲ್ಲ ವಯಸ್ಕರು. ಸಕ್ಕರೆ ಕುಸಿದು ಗೊತ್ತೇ ಆಗದೆ ಎಚ್ಚರ ತಪ್ಪುವಂಥ ಗಂಭೀರ ಸ್ಥಿತಿಯವರು. ಕೋಶಗಳು ಉಳಿಯಲು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ನುಂಗುತ್ತಲೇ ಇರಬೇಕು. ಒಂಬತ್ತು ವರ್ಷದ ಮಗುವಿಗೆ ಸೂಜಿ ತಪ್ಪಿಸಲು ಸೋಂಕಿನ ಭಯ ಕೊಟ್ಟಂತೆ. ಮಾತ್ರೆಯೇ ಬೇಡದ ಚೀಲದ ಪ್ರಯೋಗವನ್ನು ವರ್ಟೆಕ್ಸ್ ಕೂಡ ಮಾಡಿತ್ತು, ಸಾಕಷ್ಟು ಇನ್ಸುಲಿನ್ ಬರಲಿಲ್ಲವೆಂದು 2025ರ ಮಾರ್ಚಿನಲ್ಲಿ ಕೈಬಿಟ್ಟಿತು.

ಹಾಗಾದರೆ ಕ್ಯಾಲಿಫೋರ್ನಿಯಾದವರ ಹಣ ನೀರಿನಲ್ಲಿ ಹೋಯಿತೇ? ಅಲ್ಲಿನವರೇ ಒಮ್ಮತದಲ್ಲಿಲ್ಲ. 2020ರಲ್ಲಿ ಇನ್ನೂ 550 ಕೋಟಿ ಡಾಲರ್ ಸಾಲಕ್ಕೆ ಮತ್ತೆ ಜನರ ಮುಂದೆ ಹೋದಾಗ ಒಪ್ಪಿಗೆ ಸಿಕ್ಕಿತು, ಆದರೆ ಈ ಸಲ ನೂರಕ್ಕೆ 51 ಮಾತ್ರ. ನನಗನ್ನಿಸುವುದು ಇಷ್ಟು: ಸೋತ ಪ್ರಯೋಗವನ್ನು ತಿದ್ದಿ ಮತ್ತೆ ಮಾಡಲು ಹಣ ಕೊಡುವವರು ಕಡಿಮೆ, ಲಾಭ ನೋಡುವ ಹೂಡಿಕೆದಾರ ಎರಡನೇ ಸಲಕ್ಕೇ ಎದ್ದು ಹೋಗುತ್ತಾನೆ. ಆ ಜಾಗದಲ್ಲಿ ಸರ್ಕಾರ ನಿಂತಿತು. ಆದರೆ ಜನರ ದುಡ್ಡಿನಲ್ಲಿ ಬೆಳೆದದ್ದು ಖಾಸಗಿಯವರ ಕೈಗೆ ಹೋದಾಗ ಬೆಲೆಯ ಮಾತನ್ನು ಮೊದಲೇ ಆಡಿರಬೇಕು. 2020ರ ಪ್ರಸ್ತಾವದಲ್ಲಿ ಆ ಯೋಚನೆ ಬಂದಿದೆ: ರಾಜ್ಯಕ್ಕೆ ಬರುವ ರಾಯಲ್ಟಿಯನ್ನು ರೋಗಿಗಳ ಚಿಕಿತ್ಸೆಯ ಖರ್ಚು ಇಳಿಸಲು ಬಳಸಬೇಕೆಂದು ಬರೆದುಕೊಂಡಿದ್ದಾರೆ.

ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಟೈಪ್ 1 ಇರುವ ಮಕ್ಕಳು, ಹದಿಹರೆಯದವರು 2 ಲಕ್ಷಕ್ಕೂ ಹೆಚ್ಚು ಎಂದು ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಷನ್ 2021ರಲ್ಲಿ ಅಂದಾಜು ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಲ್ಲಿ ಎಳೆಯರ ಡಯಾಬಿಟಿಸ್ ದಾಖಲಾತಿ ಶುರುಮಾಡಿತು, 2022ರಲ್ಲಿ ಟೈಪ್ 1 ಚಿಕಿತ್ಸೆಗೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಇಪ್ಪತ್ತು ವರ್ಷ ಕಾಯುವಂಥ ದುಡ್ಡನ್ನು ಒಂದೇ ಬಗೆಯ ಸಂಶೋಧನೆಗೆ ಹೂಡುವುದು ನಮ್ಮ ರಾಜ್ಯಗಳಿಗೆ ಸುಲಭವಲ್ಲ. ಮೊದಲು ಪ್ರತಿ ಮಗುವಿಗೂ ಇನ್ಸುಲಿನ್, ಸಕ್ಕರೆ ನೋಡುವ ಪಟ್ಟಿ ಸಿಗಲಿ ಎಂಬುದೇ ನ್ಯಾಯವಾದ ಬೇಡಿಕೆ.

ಇನ್ನು ಆ ತಾಯಿಯ ಪ್ರಶ್ನೆ. ಅದೇ ಮಂಡಳಿಯ 2017ರ ಆಕರಕೋಶ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆಯಂಥ ಕಸಿ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗವೇ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನೆಲ್ಲ 2009ರಿಂದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಿಸುವುದು ಕಡ್ಡಾಯ, ಅದನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಜಾಹೀರಾತು ಕೊಟ್ಟವರನ್ನು ದಾಖಲಾತಿ ಸಂಖ್ಯೆ ಎಷ್ಟು ಎಂದು ಕೇಳಿ ಎಂದು ಅವರಿಗೆ ಮರುದಿನ ಹೇಳಿದೆವು. ಅವರು ಕೇಳಿದರಂತೆ. ಆ ಕಡೆಯವರು ಫೋನ್ ಇಟ್ಟರಂತೆ. ಸೈಟು ಸದ್ಯಕ್ಕೆ ಉಳಿದಿದೆ.