ಆರ್ತರಕ್ಷಣೆಯೂ ಅದರ ಏರ್ಪಾಡೂ

ದೂರದೇಶದಲ್ಲಿ ಭೂಕಂಪವಾಯಿತು, ಯುದ್ಧವಾಯಿತು ಎಂಬ ವಾರ್ತೆಯನ್ನು ಕೇಳಿದೊಡನೆ ಧಾನ್ಯ, ಔಷಧ, ವಸ್ತ್ರಗಳನ್ನು ಕಳುಹಿಸಬೇಕೆಂದು ಮನಸ್ಸು ಮಿಡಿಯುವುದು ಸಹಜ. ಕಳುಹಿಸಿದ ಪದಾರ್ಥವು ಸಕಾಲದಲ್ಲಿ ತಕ್ಕವರ ಕೈ ಸೇರುವುದು ಮಾತ್ರ ತಾನಾಗಿ ಆಗತಕ್ಕದ್ದಲ್ಲ. ಸಮಾರಾಧನೆಯ ಪಂಕ್ತಿಯಲ್ಲಿ ಬಡಿಸುವವರು ಇಪ್ಪತ್ತು ಮಂದಿಯಿದ್ದರೂ, ಯಾವ ಎಲೆಗೆ ಏನು ಬರಲಿಲ್ಲವೆಂದು ನೋಡುವವರೊಬ್ಬರು ಇಲ್ಲದಿದ್ದರೆ, ಒಂದು ಎಲೆಗೆ ಪಾಯಸ ಎರಡು ಸಲ ಬೀಳುತ್ತದೆ. ಕೊನೆಯ ಎಲೆಗೆ ಅನ್ನವೇ ಬಂದಿರುವುದಿಲ್ಲ. ಪಂಕ್ತಿಯಲ್ಲಿ ಇದು ಮರ್ಯಾದೆಯ ಮಾತು. ಆಪತ್ತಿನಲ್ಲಿ ಪ್ರಾಣದ ಮಾತು.

ನಿದರ್ಶನಕ್ಕೆ ಆಫ್ರಿಕಾ ಖಂಡದ ಗೋಮಾ ಪಟ್ಟಣವನ್ನು ತೆಗೆದುಕೊಳ್ಳೋಣ. ೧೯೯೪ನೆಯ ಇಸವಿಯಲ್ಲಿ ರುವಾಂಡ ದೇಶದಲ್ಲಿ ಟುಟ್ಸಿ ಜನರ ಘೋರವಾದ ಹತ್ಯಾಕಾಂಡ ನಡೆಯಿತು. ಅದನ್ನು ನಡೆಸಿದ ಸರ್ಕಾರವು ಜುಲೈ ತಿಂಗಳಲ್ಲಿ ಯುದ್ಧದಲ್ಲಿ ಸೋತಾಗ, ೫ರಿಂದ ೮ ಲಕ್ಷ ಮಂದಿ, ಬಹುಪಾಲು ಹುಟು ಜನರು, ಕೆಲವೇ ದಿನಗಳಲ್ಲಿ ಗಡಿಯನ್ನು ದಾಟಿ, ಅಂದಿನ ಜೈರ್, ಈಗಿನ ಕಾಂಗೋ ದೇಶಕ್ಕೆ ಸೇರಿದ ಗೋಮಾದ ಸುತ್ತಲೂ ಬೀಡುಬಿಟ್ಟರು. ಅಲ್ಲಿನ ನೆಲವು ಜ್ವಾಲಾಮುಖಿ ಉಗುಳಿದ ಗಟ್ಟಿಕಲ್ಲು. ಪಾಯಿಖಾನೆಯ ಗುಂಡಿಯನ್ನಾಗಲಿ, ಸತ್ತವರಿಗೆ ಗೋರಿಯನ್ನಾಗಲಿ ತೋಡುವುದು ದುಸ್ಸಾಧ್ಯ. ಜನರು ಕೀವು ಸರೋವರದ ನೀರನ್ನೇ ಕುಡಿದರು. ವಾಂತಿಭೇದಿಯೂ ಆಮಶಂಕೆಯೂ ಹಬ್ಬಿ, ಮೊದಲನೆಯ ತಿಂಗಳಲ್ಲಿಯೇ ಸುಮಾರು ೫೦,೦೦೦ ಮಂದಿ ಮಡಿದರು. ವಾಂತಿಭೇದಿಗೆ ಮದ್ದು ತಿಳಿಯದ ಕಾಲವೇನೂ ಅದಲ್ಲ; ಉಪ್ಪು ಸಕ್ಕರೆ ಬೆರೆಸಿದ ಶುದ್ಧವಾದ ನೀರನ್ನು ಸಕಾಲದಲ್ಲಿ ಕುಡಿಸಿದರೆ ಬಹುಮಂದಿ ಬದುಕುತ್ತಾರೆ. ಪರಿಹಾರ ಸಂಸ್ಥೆಗಳೂ ಅನೇಕ ಬಂದುವು. ಅವುಗಳಲ್ಲಿ ನುರಿತವೂ ಇದ್ದುವು, ನುರಿಯದವೂ ಇದ್ದುವು. ಎಲ್ಲರೂ ಒಪ್ಪಿದ ಅಳತೆಗೋಲು ಮಾತ್ರ ಇರಲಿಲ್ಲ.

ಮೇಲ್ವಿಚಾರಣೆಯ ಏರ್ಪಾಡೇ ಇರಲಿಲ್ಲವೆಂದಲ್ಲ. ವಿಶ್ವಸಂಸ್ಥೆಯ ಮಹಾಸಭೆಯು ೧೯೯೧ನೆಯ ಡಿಸೆಂಬರಿನಲ್ಲಿ ೪೬/೧೮೨ನೆಯ ನಿರ್ಣಯದಿಂದ ತುರ್ತು ಪರಿಹಾರ ಸಂಯೋಜಕರ ಹುದ್ದೆಯೊಂದನ್ನು ನಿರ್ಮಿಸಿತ್ತು. ಆದರೆ ಸಂಯೋಜಕರು ಸೇನಾಧಿಪತಿಯಲ್ಲ. ಒಂದೊಂದು ಸಂಸ್ಥೆಗೂ ತನ್ನದೇ ಆದ ಹಣ, ತನ್ನದೇ ಆದ ಆಡಳಿತ. ಅವುಗಳಿಗೆ ಆಜ್ಞೆಮಾಡುವ ಅಧಿಕಾರ ಅವರಿಗಿಲ್ಲ. ಹೇಳಿ ಒಪ್ಪಿಸಬಲ್ಲರು, ಅಷ್ಟೆ. ಒಪ್ಪಿಸುವುದಕ್ಕೆ ಮೊದಲು ಎಲ್ಲರಿಗೂ ಸಮಾನವಾದ ನಿಯಮಗಳು ಬೇಕು.

ಗೋಮಾದ ಅನುಭವದಿಂದ ಈ ನಿಯಮಗಳು ಹುಟ್ಟಿದುವು. ೧೯೯೭ರಲ್ಲಿ ಸ್ವಯಂಸೇವಾ ಸಂಸ್ಥೆಗಳೂ ರೆಡ್‌ಕ್ರಾಸ್ ಸಂಸ್ಥೆಯವರೂ ಕೂಡಿ ‘ಸ್ಫಿಯರ್’ ಎಂಬ ಯೋಜನೆಯನ್ನು ಆರಂಭಿಸಿದರು. ತಲೆಗೆ ದಿನಕ್ಕೆ ೧೫ ಲೀಟರಿಗೆ ಕಡಮೆಯಿಲ್ಲದಷ್ಟು ನೀರು, ೨೦ ಮಂದಿಗೊಂದು ಪಾಯಿಖಾನೆ ಎಂಬಂಥ ಕನಿಷ್ಠ ಪ್ರಮಾಣಗಳು ಅದರಿಂದ ಏರ್ಪಟ್ಟುವು. ೨೦೦೫ರಲ್ಲಿ ಕೆಲಸಗಳನ್ನೂ ಹಂಚಿದರು: ನೀರು ನೈರ್ಮಲ್ಯಗಳಿಗೆ ಯುನಿಸೆಫ್, ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ಸಾಗಾಣಿಕೆಗೆ ವಿಶ್ವ ಆಹಾರ ಕಾರ್ಯಕ್ರಮ ಮುಂದಾಳುಗಳಾದುವು. ಇಂಥ ಬೀಡಿಗೆ ನೀರು ಏಕೆ ಬರಲಿಲ್ಲವೆಂದು ಕೇಳಿದರೆ, ಉತ್ತರ ಹೇಳಬೇಕಾದವರು ಯಾರೆಂಬುದು ಈಗ ಗೊತ್ತಿರುತ್ತದೆ. ಇದು ಸಣ್ಣ ಲಾಭವಲ್ಲ.

ಇಷ್ಟಾದರೂ ಯುದ್ಧಭೂಮಿಯಲ್ಲಿ ಏರ್ಪಾಡೊಂದೇ ಸಾಲದು. ಗೋಮಾದ ನಿರಾಶ್ರಿತರ ನಡುವೆ ಹತ್ಯಾಕಾಂಡ ನಡೆಸಿದವರೂ ಸೇರಿಕೊಂಡಿದ್ದರು. ಅವರು ಧಾನ್ಯದ ಹಂಚಿಕೆಯನ್ನು ಕೈವಶಮಾಡಿಕೊಂಡು, ಊರಿಗೆ ಹಿಂತಿರುಗಬೇಕೆಂದವರನ್ನು ಬೆದರಿಸಿದರು. ಬೀಡುಗಳ ರಕ್ಷಣೆಗೆ ಸೈನ್ಯ ಬೇಕೆಂದು ವಿಶ್ವಸಂಸ್ಥೆ ಕೇಳಿದಾಗ ರಾಷ್ಟ್ರಗಳು ಮುಂದೆ ಬರಲಿಲ್ಲ. ‘ಗಡಿಯಿಲ್ಲದ ವೈದ್ಯರು’ ಎಂಬ ಸಂಸ್ಥೆಯ ಫ್ರೆಂಚ್ ಶಾಖೆಯು, ಕೊಲೆಗಾರರನ್ನು ಪೋಷಿಸಲಾರೆವೆಂದು ೧೯೯೪ನೆಯ ನವೆಂಬರಿನಲ್ಲಿ ಹೊರಟುಹೋಯಿತು. ನಿರಪರಾಧಿಗಳಾದ ಹೆಂಗಸರನ್ನೂ ಮಕ್ಕಳನ್ನೂ ಬಿಟ್ಟುಹೋಗಲಾರೆವೆಂದು ಬೇರೆ ಕೆಲವರು ಉಳಿದರು. ಇವರಲ್ಲಿ ಯಾರ ನಡತೆ ಸರಿಯೆಂದು ಹೇಳುವುದು ಸುಲಭವಲ್ಲ. ಎರಡರ ಹಿಂದೆಯೂ ಧರ್ಮಬುದ್ಧಿಯೇ ಇದ್ದಿತು.

ಆದುದರಿಂದ ಪರಿಹಾರಕಾರ್ಯದಲ್ಲಿ ಎರಡು ಪ್ರಶ್ನೆಗಳನ್ನು ಬಿಡದೆ ಕೇಳುತ್ತಿರಬೇಕು: ಯಾರಿಗೆ ಇನ್ನೂ ತಲುಪಿಲ್ಲ? ತಲುಪಿದುದು ಯಾರ ಕೈಯಲ್ಲಿದೆ? ಮೊದಲನೆಯದಕ್ಕೆ ವ್ಯವಸ್ಥೆಯು ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ರಾಷ್ಟ್ರಗಳೇ ಉತ್ತರ ಕೊಡಬೇಕು. ಅವು ಸುಮ್ಮನಿದ್ದರೆ, ಅಕ್ಕಿಯ ಮೂಟೆ ಹೊತ್ತು ಹೋದವರ ಮೇಲೆ ಆ ಭಾರವನ್ನು ಹೊರಿಸುವುದು ನ್ಯಾಯವಲ್ಲ.