ಕಾಳಿಯ ಪಾದದಡಿ ಅಶೋಕ

ಕಲ್ಲಿನ ಮೈತುಂಬ ಇರುವೆ ಸಾಲಿನಂಥ ಅಕ್ಷರ, ನಡುವೆ ಬಾಯ್ದೆರೆದ ಒಂದು ಕಂಡಿ! ಪದವಿ ತರಗತಿಯ ನಲವತ್ತು ಹುಡುಗ-ಹುಡುಗಿಯರನ್ನು ಕಟ್ಟಿಕೊಂಡು ಕಲಬುರಗಿಯಿಂದ ಬಂದಿದ್ದೆ. ಪಾಠ ಹೇಳಬೇಕಾದ ನನಗೇ ಮಾತು ಹೊರಡಲಿಲ್ಲ. ಇಷ್ಟು ವರ್ಷ ಸನ್ನತಿ, ಸನ್ನತಿ ಎಂದು ಕರಿಹಲಗೆಯ ಮೇಲೆ ಬರೆದು ಒರೆಸಿದ್ದು ಇದನ್ನೇ?

ಚಿತ್ತಾಪುರ ತಾಲ್ಲೂಕಿನ ಈ ಊರು ಭೀಮೆಯ ದಂಡೆಯ ಮೇಲಿದೆ. ಜನ ಬರುವುದು ಚಂದ್ರಲಾಂಬೆಯ ದರ್ಶನಕ್ಕೆ. 1986ರಲ್ಲಿ ಆ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಚಾವಣಿ ಕುಸಿಯಿತು. ಬಿದ್ದದ್ದನ್ನು ಸರಿಸಿ ನೋಡಿದರೆ, ದೇವಿ ಅಷ್ಟು ಕಾಲ ನಿಂತಿದ್ದ ಪೀಠದ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಸಾಕ್ಷಾತ್ ಅಶೋಕನ ಅಪ್ಪಣೆ! ವಿಗ್ರಹ ಕೂರಿಸಲು ಯಾವನೋ ಕಲ್ಲುಕುಟಿಗ ಶಾಸನದ ನಡುವೆಯೇ ಉಳಿ ಇಟ್ಟಿದ್ದ. ಸಿಟ್ಟು ಬರಬೇಕು, ಬರಲಿಲ್ಲ. ಪೀಠವಾಗದಿದ್ದರೆ ಯಾರ ಮನೆಯ ಹೊಸ್ತಿಲಾಗಿ ಸವೆದುಹೋಗುತ್ತಿತ್ತೋ.

ಅಲ್ಲಿ ಬರೆದದ್ದೇನು ಗೊತ್ತೆ? ಒಂದು ಮಗ್ಗುಲಿಗೆ 12 ಮತ್ತು 14ನೆಯ ಬಂಡೆ ಶಾಸನಗಳ ಭಾಗ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರದನ್ನು ಹಳಿಯುವವನು ತನ್ನದಕ್ಕೇ ಕೇಡು ತರುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ ಎನ್ನುವುದೇ ಆ 12ನೆಯದರ ತಿರುಳು. ಅಂಥ ಮಾತು ಹೊತ್ತ ಕಲ್ಲು ಪರಪಂಥದ ದೇವಿಗೆ ಪೀಠವಾಗಿ ಮಲಗಿತ್ತು! ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಇನ್ನೊಂದು ಮಗ್ಗುಲಲ್ಲಿ ‘ಪ್ರತ್ಯೇಕ ಶಾಸನ’ ಎಂದೇ ಕರೆಯುವ ಎರಡು ಶಾಸನಗಳಿವೆ. ಇವು ಸಿಕ್ಕಿರುವ ಬೇರೆ ಜಾಗ ಎರಡೇ: ಧೌಲಿ, ಜೌಗಡ. ಎರಡೂ ಅಶೋಕ ಗೆದ್ದ ಕಳಿಂಗದವು. ಕಳಿಂಗದ ಮಾತಿಗೆ ಭೀಮಾತೀರದಲ್ಲೇನು ಕೆಲಸ? “ನೀವೇ ಹುಡುಕ್ರಿ, ಪಿಎಚ್‌.ಡಿ. ಆಗ್ತದ” ಎಂದು ಜಾರಿಕೊಂಡೆ.

ಅಲ್ಲಿಂದ ಕನಗನಹಳ್ಳಿ ಕೂಗಳತೆ ದೂರವಲ್ಲದಿದ್ದರೂ ಬಹಳ ಹತ್ತಿರ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಮಣ್ಣಿನಿಂದ ಮಹಾಸ್ತೂಪವೇ ಎದ್ದುಬಂತು. ಚಪ್ಪಡಿ ಚಪ್ಪಡಿಯಲ್ಲೂ ಬುದ್ಧನ ಕಥೆ, ಎಷ್ಟೋ ಕಡೆ ಬುದ್ಧನೇ ಇಲ್ಲ! ಬರಿದಾದ ಆಸನ, ಎರಡು ಪಾದ, ಒಂದು ಬೋಧಿವೃಕ್ಷ, ಸುತ್ತ ಕೈಮುಗಿದ ಜನ. ಶಾತವಾಹನ ರಾಜರೂ ಹೆಸರು ಸಮೇತ ಇದ್ದಾರೆ. ಇನ್ನೊಂದು ಚಪ್ಪಡಿಯಲ್ಲಿ ರಾಣಿಯ ಜೊತೆ ನಿಂತ ದೊರೆ, ಚಾಮರ ಹಿಡಿದ ಹೆಂಗಸರು, ಜೊತೆಗೆ ಬ್ರಾಹ್ಮಿಯಲ್ಲಿ ಎರಡೇ ಪದ: ರಾಯ ಅಸೋಕ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು 1915ರಲ್ಲಿ ಸಿಕ್ಕ ರಾಯಚೂರು ಸೀಮೆಯ ಮಸ್ಕಿ ಶಾಸನ ಹೇಳಿತು. ಅವನಿಗೆ ಮುಖ ಕೊಟ್ಟದ್ದು ಈ ಹಳ್ಳಿ. ಅವನು ಸತ್ತು ಎಷ್ಟೋ ಕಾಲವಾದ ಮೇಲೆ ಕೆತ್ತಿದ್ದು, ಹೋಲಿಕೆ ಶಿಲ್ಪಿಯ ಊಹೆ. ಆದರೂ ಹುಡುಗಿಯರು ಮೊಬೈಲು ಮರೆತು ನೋಡುತ್ತಿದ್ದರು.

ಆಗ ಹಿಂದಿನಿಂದ ಒಂದು ದನಿ. “ಸರ್, ಇದು ನಮ್ಮ ಶಾಬಾದ್ ಕಲ್ಲಲ್ಲೇನ್ರೀ?” ಕೇಳಿದವನ ಅಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ಕೂಲಿ. ಹೌದಲ್ಲ! ಈ ಸೀಮೆಯದೇ ಸುಣ್ಣಕಲ್ಲು. ನಾವು ದಿನಾ ಗುಡಿಸಿ ಒರೆಸುವ ನೆಲಹಾಸಿನ ಬಳಗದ್ದೇ. ಹುಡುಗ ಅಂಗೈಯನ್ನು ಕಲ್ಲಿನ ಅಂಚಿಗೆ ಸವರಿ, ದಪ್ಪ ಅಳೆದ. ಚಾಲಕ ಹಾರ್ನ್ ಬಾರಿಸುತ್ತಲೇ ಇದ್ದ.

ಬಸ್ಸು ಹತ್ತುವಾಗ ಅವನು ನನ್ನ ಕಿವಿಗೆ ಮಾತ್ರ ಕೇಳುವಂತೆ ಅಂದ: “ಮನಿಗ್ಹೋಗಿ ಪಡಸಾಲಿ ಪರ್ಸಿ ಎಲ್ಲಾ ಹೊಳ್ಳಿಸಿ ನೋಡ್ತೀನ್ರೀ ಸರ್. ಅವ್ವ ಬೈದ್ರೂ ಆಗ್ಲಿ.”